ಗುಡಿಯಲ್ಲಿಲ್ಲದ ಅಂಟು, ಗುಡ್ಡದ ಮೇಲಿರುವ ಅಂಟು

ಗದಗದಿಂದ ಸುಮಾರು ಹನ್ನೆರಡು ಕಿಲೊಮೀಟರ್ ದೂರದ ಲಕ್ಕುಂಡಿಗೆ ಹೋದವರು ಕಾಶಿವಿಶ್ವೇಶ್ವರ ಗುಡಿಯ ಗೋಡೆಯನ್ನು ಮುಟ್ಟಿ ನೋಡದೆ ಬರುವುದಿಲ್ಲ. ಎಷ್ಟೋ ಕಡೆ ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ತೂರಿಸಲೂ ಜಾಗವಿರುವುದಿಲ್ಲ. ಆಗ ಜೊತೆಯಲ್ಲಿದ್ದವರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಇದಕ್ಕ ವಜ್ರಲೇಪ ಹಾಕ್ಯಾರ್ರೀ. ಈಗಿನ ಯಾವ ಅಂಟೂ ಅದರ ಮುಂದ ನಿಲ್ಲೂದಿಲ್ಲ." ಗದಗದ ತ್ರಿಕೂಟೇಶ್ವರದಲ್ಲಿ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಅಂಗಳದಲ್ಲಿ ಇದೇ ಮಾತನ್ನು ನಾನು ಕೇಳಿದ್ದೇನೆ. ನೀವೂ ಕೇಳಿರಬಹುದು. ಈಗ ಅದು ಮೊಬೈಲ್ ಸಂದೇಶವಾಗಿ ನಮ್ಮ ಮನೆಗಳಿಗೂ ಬರುತ್ತಿದೆ.

ಕೆಲವು ವರ್ಷಗಳ ಹಿಂದೆ ಮುಂಡರಗಿ ಕಡೆಯ ಒಂದು ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ಮೊದಲ ಬಹುಮಾನ ಪಡೆದದ್ದು ಥರ್ಮೊಕೋಲಿನಲ್ಲಿ ಮಾಡಿದ ಒಂದು ಚೆಂದದ ಗುಡಿ. ಅದರ ಮೇಲಿದ್ದ ಫಲಕ: "ವಜ್ರಲೇಪ - ಜಗತ್ತಿನ ಅತ್ಯಂತ ಗಟ್ಟಿ ಅಂಟು". ತೀರ್ಪಿನ ಹಾಳೆಗೆ ನಾನೂ ಸಹಿ ಹಾಕಿದೆ. ಆ ಸಹಿಯ ಬಗ್ಗೆ ನನಗಿರುವ ಅಸಮಾಧಾನವೇ ಈ ವಿಮರ್ಶೆಗೆ ಕಾರಣ.

'ಜಗತ್ತಿನ ಅತ್ಯಂತ ಗಟ್ಟಿ ಅಂಟು' ಎಂಬ ಮಾತನ್ನು ಹಳೆಯದರ ಅಭಿಮಾನಿಗಳಷ್ಟೇ ಹೇಳುವುದಿಲ್ಲ. ಅಂಗಡಿಯ ಡಬ್ಬಿಗಳೂ ಹೇಳುತ್ತವೆ, ವಿಜ್ಞಾನ ಸುದ್ದಿಗಳೂ ಹೇಳುತ್ತವೆ. ಭೌತವಿಜ್ಞಾನದ ಕಣ್ಣಿನಿಂದ ನೋಡಿದರೆ ಮೂವರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಅದೇನೆಂದು ನೋಡೋಣ.

ಕಲ್ಲುಗಳನ್ನು ಹಿಡಿದಿಟ್ಟಿರುವುದು ಯಾವುದು?

ಲಕ್ಕುಂಡಿಯ ಗುಡಿಗಳು ಕಲ್ಯಾಣ ಚಾಲುಕ್ಯರ ಕಾಲದವು. ನಾವು ಬಳಪದ ಕಲ್ಲು ಎಂದು ಕರೆಯುವ ಕ್ಲೋರೈಟ್ ಶಿಸ್ಟ್‌ನಿಂದ ಕಟ್ಟಿದವು. ಮೆತ್ತನೆಯ ಈ ಕಲ್ಲನ್ನು ನಯವಾಗಿ ಕಡೆದು, ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಹಾಗಾದರೆ ಕಲ್ಲುಗಳು ಬೀಳದಂತೆ ಹಿಡಿದಿಟ್ಟಿರುವುದು ಏನು? ಅವುಗಳ ಭಾರ ಮತ್ತು ಘರ್ಷಣೆ. ಅಷ್ಟೇ.

ಒಂದು ಸಣ್ಣ ಲೆಕ್ಕ ಮಾಡಿ. ಈ ಕಲ್ಲಿನ ಸಾಂದ್ರತೆ ನೀರಿನ 2.8 ಪಟ್ಟು ಎಂದುಕೊಳ್ಳಿ. ಐದು ಮೀಟರ್ ಎತ್ತರದ ಗೋಡೆಯ ಬುಡದಲ್ಲಿ ಅದರ ಭಾರದಿಂದ ಉಂಟಾಗುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 0.14 ನ್ಯೂಟನ್. ಈ ಕಲ್ಲು ತಡೆಯಬಲ್ಲ ಒತ್ತಡ ಅದರ ನೂರು ಪಟ್ಟಿಗೂ ಹೆಚ್ಚು. ಕಲ್ಲು ಒಡೆಯುವ ಭಯವಿಲ್ಲ ಎಂದಾಯಿತು. ಜರುಗುವ ಭಯ? ಒಂದು ಕಲ್ಲಿನ ಮೇಲೆ 5 ಟನ್ ಭಾರವಿದ್ದು ಘರ್ಷಣಾಂಕ 0.6 ಇದ್ದರೆ, ಅದರ ಮೇಲ್ಮುಖವೊಂದೇ ಸುಮಾರು 3 ಟನ್ ಭಾರಕ್ಕೆ ಸಮನಾದ ಬಲದಿಂದ ಪಕ್ಕದ ತಳ್ಳುವಿಕೆಯನ್ನು ತಡೆಯುತ್ತದೆ. ಸಂದುಗಳಲ್ಲಿ ಎಲ್ಲೆಡೆ ಇರುವುದು ಒತ್ತಡ. ಒಂದು ಕಲ್ಲನ್ನು ಇನ್ನೊಂದರಿಂದ ಕೀಳಲು ಯತ್ನಿಸುವ ಎಳೆತ ಅಲ್ಲಿಲ್ಲ. ಎಳೆತವೇ ಇಲ್ಲದ ಕಡೆ ಅಂಟಿಗೆ ಕೆಲಸವೇನು?

ಇನ್ನೂ ಒಂದು ಮಾತಿದೆ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದನ್ನು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ತಳ ಸ್ವಲ್ಪ ಕುಸಿದಾಗ ಒಣಸಂದಿನ ಗೋಡೆ ಕೂದಲೆಳೆಯಷ್ಟು ಹೊರಳಿ ಮತ್ತೆ ಕೂರುತ್ತದೆ. ಅದೇ ಗೋಡೆಯನ್ನು ಬಿಗಿಯಾಗಿ ಅಂಟಿಸಿದ್ದರೆ ಸಂದು ಬಿಡುವ ಬದಲು ಕಲ್ಲೇ ಸೀಳಬಹುದಿತ್ತು. ಅಂಟಿಲ್ಲದಿರುವುದೇ ಆ ಶಿಲ್ಪಿಗಳ ಜಾಣತನ. ಹೊಗಳುವ ಭರದಲ್ಲಿ ನಾವು ಅವರ ನಿಜವಾದ ವಿದ್ಯೆಯನ್ನು ಮುಚ್ಚಿ, ಅವರು ಮಾಡದ ಕೆಲಸಕ್ಕೆ ಶಾಲು ಹೊದಿಸುತ್ತಿದ್ದೇವೆ.

ವರಾಹಮಿಹಿರ ಹೇಳಿದ್ದೇನು?

ಹಾಗೆಂದು ವಜ್ರಲೇಪ ಕಟ್ಟುಕತೆಯಲ್ಲ. 6ನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಎಳೆಯ ತೂಬರೆ ಕಾಯಿ, ಎಳೆಯ ಬೇಲದ ಕಾಯಿ, ಬೂರುಗದ ಹೂವು ಮುಂತಾದವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಬೇಕು. ಅದಕ್ಕೆ ಗುಗ್ಗುಳ, ರಾಳ, ಗೇರು, ಅಗಸೆ, ಬಿಲ್ವ ಮುಂತಾದವನ್ನು ಸೇರಿಸಿ ಅರೆಯಬೇಕು. ಇದನ್ನು ಬಿಸಿಯಾಗಿರುವಾಗಲೇ ಗುಡಿ, ಮಹಡಿಮನೆ, ಲಿಂಗ, ಪ್ರತಿಮೆ, ಗೋಡೆ, ಬಾವಿಗಳಿಗೆ ಹಚ್ಚಬೇಕು. ಬೇರೆ ಪಾಠಗಳೂ ಅಲ್ಲಿವೆ. ಒಂದರಲ್ಲಿ ಕೊಂಬು, ಕೂದಲು, ತೊಗಲು ಸೇರುತ್ತವೆ. ಇನ್ನೊಂದು ಎಂಟು ಪಾಲು ಸೀಸ, ಎರಡು ಪಾಲು ಕಂಚು, ಒಂದು ಪಾಲು ಹಿತ್ತಾಳೆಯ ಮಿಶ್ರಲೋಹ.

ಇದನ್ನು ಓದಿದಾಗ ನನಗೆ ಗೌರವ ಮೂಡುತ್ತದೆ. ಏಕೆಂದರೆ ಈ ಪಾಕದಲ್ಲಿ ತರ್ಕವಿದೆ. ಬಿಸಿ ಮಾಡಿದರೆ ರಾಳದ ಸ್ನಿಗ್ಧತೆ ಇಳಿದು ಅದು ಕಲ್ಲಿನ ಸಣ್ಣ ರಂಧ್ರಗಳಿಗೆ ಹರಿಯುತ್ತದೆ, ತಣಿದರೆ ಗಡುಸಾಗುತ್ತದೆ. ಎಳೆಯ ಕಾಯಿಗಳ ಒಗರಿಗೆ ಕಾರಣ ಟ್ಯಾನಿನ್. ಅದು ತೊಗಲು, ಕೊಂಬುಗಳ ಪ್ರೋಟೀನನ್ನು ಹೆಣೆದು ಬಿಗಿಗೊಳಿಸಬಲ್ಲದು. ನಾವು ಚಟ್ನಿಪುಡಿಗೆ ಹುರಿಯುವ ಅಗಸಿಯ ಎಣ್ಣೆ ಗಾಳಿಯ ಆಕ್ಸಿಜನ್ ಹೀರಿ ಗಟ್ಟಿ ಪೊರೆಯಾಗುತ್ತದೆ. ಅದಕ್ಕೇ ಇಂದಿಗೂ ಬಣ್ಣಗಳಲ್ಲಿ ಅದರ ಬಳಕೆ. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಗೇರಿನ ರಸವೂ ಗಾಳಿಗೆ ಕಪ್ಪಾಗಿ ಗಟ್ಟಿಯಾಗುತ್ತದೆ.

ಆದರೆ ಎರಡು ವಿಷಯ ಗಮನಿಸಿ. ಮೊದಲನೆಯದು, ಹೆಸರೇ ಹೇಳುವಂತೆ ಇದು ಲೇಪ. ಮೈಗೆ ಹಚ್ಚುವುದನ್ನು ಹೇಳುವ ಶ್ಲೋಕವನ್ನು ಕಲ್ಲಿನ ಗೋಡೆ ನಿಲ್ಲಿಸುವ ಅಂಟಿನ ಸಾಕ್ಷಿಯಾಗಿ ಬಳಸುವುದು ಸರಿಯಲ್ಲ. ಎರಡನೆಯದು, ಈ ಲೇಪ ಕೋಟಿ ವರ್ಷ ಉಳಿಯುತ್ತದೆ ಎಂದು ಅಲ್ಲಿ ಹೇಳಿದೆ. ಅದು ಅಳತೆಯ ಮಾತಲ್ಲ, ಪ್ರಶಂಸೆಯ ಮಾತು. ಇಷ್ಟಕ್ಕೂ ನಮ್ಮ ಸಂಪ್ರದಾಯವೇ ಅದನ್ನು ಹಾಗೆ ನಂಬಲಿಲ್ಲ. ವಿಗ್ರಹವನ್ನು ಪೀಠಕ್ಕೆ ಕೂರಿಸಲು ಅರಗು, ರಾಳ, ಜೇನುಮೇಣ ಮುಂತಾದವನ್ನು ಕುಟ್ಟಿ ಹದಗೊಳಿಸಿದ ಅಷ್ಟಬಂಧವನ್ನು ಬಳಸುತ್ತಾರೆ. ಕರಾವಳಿಯ ಗುಡಿಗಳಲ್ಲಿ ಇದನ್ನು ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ತೆಗೆದು ಹೊಸದಾಗಿ ತುಂಬುವ ರೂಢಿ. ಅಂಟು ಮುಪ್ಪಾಗುತ್ತದೆ, ಬಿರಿಯುತ್ತದೆ, ಮತ್ತೆ ಹಾಕಬೇಕು ಎಂಬುದನ್ನು ಅದನ್ನು ಕೈಯಲ್ಲಿ ಕುಟ್ಟಿದವರು ಬಲ್ಲರು. ಅವರ ಹನ್ನೆರಡು ವರ್ಷ ಅನುಭವದಿಂದ ಬಂದ ಸಂಖ್ಯೆ. ವಿಜ್ಞಾನದ ವಿದ್ಯಾರ್ಥಿಗೆ ಆ ಕೋಟಿಗಿಂತ ಈ ಹನ್ನೆರಡು ದೊಡ್ಡದು.

ಅಂಟುವುದೆಂದರೆ

ಶಾಲೆಯ ಪುಸ್ತಕಗಳು ಈ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ: ಒಂದೇ ವಸ್ತುವಿನ ಅಣುಗಳ ನಡುವಿನ ಆಕರ್ಷಣೆ ಸಂಸಕ್ತಿ, ಬೇರೆ ಬೇರೆ ವಸ್ತುಗಳ ಅಣುಗಳ ನಡುವಿನದು ಅಂಟುಬಲ. ತಪ್ಪಲ್ಲ, ಆದರೆ ಇಷ್ಟೇ ಓದಿದ ಹುಡುಗನಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ಅಣುಗಳೂ ಪರಸ್ಪರ ಆಕರ್ಷಿಸುವುದಾದರೆ ಎರಡು ಇಟ್ಟಿಗೆಗಳನ್ನು ಒತ್ತಿ ಹಿಡಿದರೆ ಅವು ಅಂಟಿಕೊಳ್ಳುವುದಿಲ್ಲವೇಕೆ?

ಉತ್ತರ ದೂರದಲ್ಲಿದೆ, ಅಂದರೆ ಅಣುಗಳ ನಡುವಿನ ದೂರದಲ್ಲಿ. ವಾನ್ ಡರ್ ವಾಲ್ಸ್ ಬಲವನ್ನು ಎರಡು ಸಪಾಟು ಮೇಲ್ಮೈಗಳಿಗೆ ಲೆಕ್ಕ ಹಾಕಿದರೆ ಅದು ದೂರದ ಘನಕ್ಕೆ ವಿಲೋಮವಾಗಿರುತ್ತದೆ. ಅಂತರ 0.3 ನ್ಯಾನೊಮೀಟರ್ ಇದ್ದಾಗ ಆಕರ್ಷಣೆ ಚದರ ಮಿಲಿಮೀಟರಿಗೆ ಸುಮಾರು 200 ನ್ಯೂಟನ್ ಬರುತ್ತದೆ. ಅಂದರೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಎರಡು ಟನ್ ಭಾರ! ಅಂತರ 10 ನ್ಯಾನೊಮೀಟರ್ ಆದರೆ ಅದು ಸುಮಾರು 37,000 ಪಟ್ಟು ಕುಗ್ಗಿ ಹೋಗುತ್ತದೆ. ಇಟ್ಟಿಗೆಯ ಮೇಲ್ಮೈಯ ಏರುತಗ್ಗುಗಳು ಸಾವಿರಾರು ನ್ಯಾನೊಮೀಟರ್. ಎರಡು ಇಟ್ಟಿಗೆಗಳು ನಿಜವಾಗಿ ಮುಟ್ಟುವುದು ಕೆಲವೇ ಬಿಂದುಗಳಲ್ಲಿ.

ಆದ್ದರಿಂದ ಅಂಟು ಮಾಡಬೇಕಾದ ಕೆಲಸ ಎರಡು. ಮೊದಲು ದ್ರವವಾಗಿ ಹರಿದು ಎರಡೂ ಮೇಲ್ಮೈಗಳ ತಗ್ಗುಗಳನ್ನು ತುಂಬಿ ಅಣುಗಳಷ್ಟು ಹತ್ತಿರ ಹೋಗಬೇಕು. ಆಮೇಲೆ ತಾನೇ ಗಟ್ಟಿಯಾಗಿ ತನ್ನೊಳಗೆ ಹರಿಯದಂತೆ ನಿಲ್ಲಬೇಕು. ನೀರು ಮೊದಲ ಕೆಲಸ ಮಾಡುತ್ತದೆ, ಎರಡನೆಯದನ್ನು ಮಾಡದು. ಮಳೆಯ ಮರುದಿನ ಎರೆ ಹೊಲದಲ್ಲಿ ನಡೆದರೆ ಕಾಲಿಗೆ ಕಿಲೋಗಟ್ಟಲೆ ಮಣ್ಣು ಮೆತ್ತುತ್ತದೆ. ಆ ಸೂಕ್ಷ್ಮ ಜೇಡಿಕಣಗಳ ನಡುವೆ ನೀರು ಹೊಕ್ಕು ಹತ್ತಿರ ತಂದಿದೆ. ಆದರೆ ಹಸಿ ಮಣ್ಣು ತನ್ನೊಳಗೇ ಹರಿಯುವುದರಿಂದ ಕಡ್ಡಿಯಿಂದ ಕೆರೆದರೆ ಬರುತ್ತದೆ.

ಮೊದಲ ಕೆಲಸವನ್ನು ದ್ರವವಿಲ್ಲದೆ ಮಾಡುವ ಪ್ರಾಣಿ ನಿಮ್ಮ ಮನೆಯ ಗೋಡೆಯ ಮೇಲೇ ಇದೆ. ಟೋಕೆ ಗೆಕ್ಕೊ ಎಂಬ ದೊಡ್ಡ ಹಲ್ಲಿಯ ಒಂದು ಪಾದದಲ್ಲಿ ಸುಮಾರು ಐದು ಲಕ್ಷ ಸೂಕ್ಷ್ಮ ರೋಮಗಳು, ಪ್ರತಿ ರೋಮದ ತುದಿಯಲ್ಲಿ ನೂರಾರು ಕವಲುಗಳು. ಗೋಡೆಯ ಏರುತಗ್ಗುಗಳಿಗೆ ಇವು ಬಾಗಿ ತಾಗುತ್ತವೆ. ಅಂಥ ಒಂದೇ ರೋಮದ ಬಲವನ್ನು ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000ದಲ್ಲಿ ಅಳೆದರು. ಅದು ವಾನ್ ಡರ್ ವಾಲ್ಸ್ ಬಲವೆಂಬುದಕ್ಕೆ 2002ರಲ್ಲಿ ಸಾಕ್ಷ್ಯ ಒದಗಿಸಿದರು. ಹಲ್ಲಿಯಲ್ಲಿ ಗೋಂದಿಲ್ಲ. ರೋಮದ ಕೋನ ಬದಲಿಸಿದರೆ ಸಾಕು, ಹಿಡಿತ ತಾನಾಗಿ ಬಿಡುತ್ತದೆ. ಈ ಬಿಡುವ ಗುಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಡಬ್ಬಿಯ ಮೇಲಿನ ಆನೆಗಳು

ಈಗ ಅಂಗಡಿಗೆ ಬನ್ನಿ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್‌ನ ಡಬ್ಬಿಯ ಮೇಲೆ ಎರಡು ಆನೆಗಳು ಒಂದು ಗೋಳದ ಎರಡು ಹೋಳುಗಳನ್ನು ಎಳೆಯುತ್ತಿವೆ. ಭೌತವಿಜ್ಞಾನ ಓದಿದವರಿಗೆ ಇದು 17ನೆಯ ಶತಮಾನದ ಒಟ್ಟೊ ಫಾನ್ ಗೆರಿಕೆಯ ಪ್ರಯೋಗವನ್ನು ನೆನಪಿಸುತ್ತದೆ. ಅಲ್ಲಿ ಆನೆಗಳಲ್ಲ, ಕುದುರೆಗಳು. ಅಂಟೂ ಇರಲಿಲ್ಲ, ಹೋಳುಗಳನ್ನು ಒತ್ತಿ ಹಿಡಿದದ್ದು ಹೊರಗಿನ ವಾಯುಮಂಡಲ. ಚಿತ್ರ ಸೊಗಸಾಗಿದೆ. ಆದರೆ ಅದು ತೋರಿಸುವುದು ನೇರ ಎಳೆತವನ್ನು ಮಾತ್ರ.

ಮನೆಯಲ್ಲಿ ಅಂಟು ಸೋಲುವುದು ಹಾಗಲ್ಲ. ಅಂಟುಪಟ್ಟಿಯ ತುಂಡೊಂದನ್ನು ಮೇಜಿಗೆ ಅಂಟಿಸಿ ಮೇಜಿನ ಗುಂಟ ಎಳೆಯಿರಿ, ಬರುವುದಿಲ್ಲ. ಒಂದು ಅಂಚನ್ನು ಎತ್ತಿ ಸುಲಿಯಿರಿ, ಸರಾಗವಾಗಿ ಬರುತ್ತದೆ. ಅಂಟು ಅದೇ, ಅಗಲ ಅದೇ. ಮೊದಲನೆಯದರಲ್ಲಿ ಬಲ ಇಡೀ ಅಗಲಕ್ಕೆ ಹಂಚಿಹೋಯಿತು. ಎರಡನೆಯದರಲ್ಲಿ ಒಂದು ಗೆರೆಯ ಮೇಲೆ ಕೂಡಿಬಿತ್ತು. ಚಪ್ಪಲಿಯ ಅಟ್ಟೆ ಬಾಯಿ ಬಿಡುವುದು ತುದಿಯಿಂದ. ಪ್ಲೈವುಡ್‌ನ ಮೇಲಿನ ಹಾಳೆ ಏಳುವುದು ಅಂಚಿನಿಂದ. ಒಳ್ಳೆಯ ಬಡಿಗ ಅಂಟನ್ನು ನಂಬಿ ಕೂರದೆ ಹಲ್ಲು ಕೊರೆದು ಕೂಡಿಸುವುದು ಇದಕ್ಕೇ.

ಎರಡನೆಯ ಸಂಗತಿ ಉಷ್ಣತೆ. ಚೆನ್ನಾಗಿ ಉಜ್ಜಿ, ಜಿಡ್ಡು ತೆಗೆದ ಎರಡು ಲೋಹದ ಪಟ್ಟಿಗಳ ನಡುವೆ ಒಳ್ಳೆಯ ಎಪಾಕ್ಸಿ ಅಂಟು ಚದರ ಮಿಲಿಮೀಟರಿಗೆ 20ರಿಂದ 30 ನ್ಯೂಟನ್ ತಡೆಯಬಲ್ಲದು. ಅಂದರೆ ಚದರ ಸೆಂಟಿಮೀಟರಿಗೆ 200ರಿಂದ 300 ಕಿಲೋಗ್ರಾಮ್ ಭಾರ. ಇದು ಪ್ರಯೋಗಾಲಯದ ತಂಪಿನಲ್ಲಿ ಅಳೆದ ಮಾತು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಅನೇಕ ಎಪಾಕ್ಸಿಗಳು 50-60 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಾಜಿನಂಥ ಗಡಸುತನ ಬಿಟ್ಟು ರಬ್ಬರಿನಂತೆ ಮೆತ್ತಗಾಗುತ್ತವೆ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಇಟ್ಟ ಕಪ್ಪು ತಗಡು 60 ಡಿಗ್ರಿ ಸುಲಭವಾಗಿ ದಾಟುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸೌರಶಕ್ತಿಯ ಪಾಠಕ್ಕೆಂದು ಒಂದು ಕನ್ನಡಿಯನ್ನು ಕಪ್ಪು ಬಳಿದ ತಗಡಿನ ಚೌಕಟ್ಟಿಗೆ ಎಪಾಕ್ಸಿಯಿಂದ ಅಂಟಿಸಿ ಮಾಳಿಗೆಯ ಮೇಲೆ ಇಟ್ಟಿದ್ದೆ. ಡಿಸೆಂಬರಿನಲ್ಲಿ ಹುಡುಗರು ಜಗ್ಗಿದರೂ ಬರಲಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಾನಾಗಿ ಜಾರಿ ಒಡೆದು ಬಿದ್ದಿತ್ತು. ಆಗ ಅಲ್ಲಿ ಯಾರೂ ಇರಲಿಲ್ಲವೆಂಬುದು ನನ್ನ ಪುಣ್ಯ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ ನಗರದ ಹೆದ್ದಾರಿ ಸುರಂಗವೊಂದರಲ್ಲಿ ಛಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಬಿದ್ದದ್ದು ಸುಮಾರು 26 ಟನ್. ಹಲಗೆಗಳನ್ನು ಹೊತ್ತ ಉಕ್ಕಿನ ಬೋಲ್ಟುಗಳನ್ನು ಕಾಂಕ್ರೀಟಿನೊಳಗೆ ಎಪಾಕ್ಸಿಯಿಂದ ಕೂರಿಸಿದ್ದರು. ಅಲ್ಪಕಾಲದ ಎಳೆತಕ್ಕೆ ಆ ಅಂಟು ಸಾಕಷ್ಟು ಗಟ್ಟಿ. ಆದರೆ ತಿಂಗಳುಗಟ್ಟಲೆ ಬಿಡದೆ ತೂಗುವ ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹರಿಯುತ್ತ ಹೋಯಿತು. ಬೇಗ ಗಟ್ಟಿಯಾಗುವ ಬಗೆಯ ಆ ಎಪಾಕ್ಸಿಗೆ ಇಂಥ ಹರಿವನ್ನು ತಡೆಯುವ ಶಕ್ತಿ ಸಾಲದೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರ ವರದಿಯಲ್ಲಿ ಹೇಳಿತು. 'ಗಟ್ಟಿ' ಎಂಬ ಮಾತಿನ ಮುಂದೆ 'ಎಷ್ಟು ಕಾಲ?' ಎಂದು ಕೇಳದಿದ್ದರೆ ಜೀವ ಹೋಗುತ್ತದೆ.

ದಾಖಲೆ ಮುರಿದ ಬ್ಯಾಕ್ಟೀರಿಯ

ವಿಜ್ಞಾನ ಬರೆಯುವ ನಮ್ಮಂಥವರೂ ಇದೇ ತಪ್ಪು ಮಾಡಿದ್ದೇವೆ. ಸಿಹಿನೀರಿನಲ್ಲಿ ಬದುಕುವ ಕಾಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ತನ್ನ ತೊಟ್ಟಿನ ತುದಿಯ ಸಕ್ಕರೆಯುಕ್ತ ಅಂಟಿನಿಂದ ಕಲ್ಲನ್ನು ಹಿಡಿಯುತ್ತದೆ. 2006ರಲ್ಲಿ ಅದರ ಹಿಡಿತವನ್ನು ಅಳೆದಾಗ ಚದರ ಮಿಲಿಮೀಟರಿಗೆ ಸುಮಾರು 68 ನ್ಯೂಟನ್ ಬಂತು. ಅದು ಎಪಾಕ್ಸಿಯ ಎರಡು-ಮೂರು ಪಟ್ಟು. ಕೂಡಲೇ 'ನಿಸರ್ಗದ ಅತಿ ಗಟ್ಟಿ ಅಂಟು' ಎಂದು ಸುದ್ದಿಯಾಯಿತು. ಇದರ ಒಂದು ಹನಿ ಎಷ್ಟು ಕಾರುಗಳನ್ನು ಎತ್ತಬಹುದು ಎಂಬ ಲೆಕ್ಕಗಳೂ ಬಂದವು.

ಅಳತೆ ಸರಿ, ಹಿಗ್ಗಿಸಿದ್ದು ತಪ್ಪು. ನಿಜವಾಗಿ ಅಳೆದ ಬಲ ಒಂದು ಮೈಕ್ರೊನ್ಯೂಟನ್ನಿಗಿಂತಲೂ ಕಡಿಮೆ. ಅದು ಹರಡಿದ್ದ ಜಾಗ ಒಂದು ಚದರ ಮೈಕ್ರೊಮೀಟರಿನ ನೂರನೆಯ ಒಂದು ಭಾಗಕ್ಕೂ ಚಿಕ್ಕದು. ಅಷ್ಟು ಪುಟ್ಟ ಜಾಗದಲ್ಲಿ ದೋಷವೊಂದು ಇರುವ ಸಾಧ್ಯತೆಯೇ ಕಡಿಮೆ. ಜಾಗ ದೊಡ್ಡದಾದಂತೆ ಎಲ್ಲೋ ಒಂದು ಗಾಳಿಗುಳ್ಳೆ, ಧೂಳಿನ ಕಣ, ಬಿರುಕು ಬಂದೇ ಬರುತ್ತದೆ. ಮುರಿತ ಶುರುವಾಗುವುದು ಅಲ್ಲಿಂದ. ಗಾಜಿನ ಎಳೆ ತೆಳುವಾದಷ್ಟೂ ಹೆಚ್ಚು ಗಟ್ಟಿ ಏಕೆ ಎಂಬುದನ್ನು 1921ರಲ್ಲಿ ಗ್ರಿಫಿತ್ ವಿವರಿಸಿದ್ದು ಇದೇ ತರ್ಕದಿಂದ. ಆದ್ದರಿಂದ ಚದರ ಮೈಕ್ರೊಮೀಟರಿನ ಗೆಲುವನ್ನು ಚದರ ಮೀಟರಿಗೆ ಗುಣಿಸುವಂತಿಲ್ಲ.

ಗುಡ್ಡದ ಮೇಲೆ ತಿರುಗುವ ಅಂಟು

ಚದರ ಮೀಟರುಗಟ್ಟಲೆ ಅಂಟು ನಿಜವಾಗಿ ದುಡಿಯುವುದನ್ನು ನೋಡಬೇಕೆ? ಲಕ್ಕುಂಡಿಯಿಂದ ಮುಂಡರಗಿಯ ಕಡೆ ಹೊರಳಿ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ಕಡೆ ಮೈಚಾಚಿದ ಕಪ್ಪತಗುಡ್ಡದ ಸೀಮೆಯಲ್ಲಿ ಊರವರು 'ಫ್ಯಾನು' ಎನ್ನುವ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳ ಅಲಗು ಒಂದೇ ತುಂಡಲ್ಲ. ಗಾಜಿನ ನಾರು ಮತ್ತು ಕೃತಕ ರಾಳದಿಂದ ಎರಡು ಚಿಪ್ಪುಗಳನ್ನು ಅಚ್ಚಿನಲ್ಲಿ ಮಾಡಿ, ನಡುವೆ ಉದ್ದನೆಯ ಆಸರೆಗೋಡೆ ಇಟ್ಟು, ಎಲ್ಲವನ್ನೂ ಎಪಾಕ್ಸಿ ಅಥವಾ ಪಾಲಿಯುರಿಥೇನ್ ಅಂಟಿನಿಂದ ಕೂಡಿಸಿರುತ್ತಾರೆ. ಅಲಗಿನ ಉದ್ದಕ್ಕೂ ಎರಡು ಅಂಚುಗಳನ್ನು ಹಿಡಿದಿರುವುದು ಮೊಳೆಯಲ್ಲ, ಅಂಟು. ಗ್ರಿಫಿತ್ ತೋರಿಸಿದ ಗಾಜಿನ ನಾರಿನ ಬಲವೂ ಒಂದು ನಾರಿನಿಂದ ಇನ್ನೊಂದಕ್ಕೆ ರಾಳದ ಮೂಲಕವೇ ದಾಟಬೇಕು.

ಆ ಅಂಟಿನ ಪಾಡನ್ನು ಲೆಕ್ಕ ಹಾಕಿ. ಅಲಗು 40 ಮೀಟರ್ ಉದ್ದ, ನಿಮಿಷಕ್ಕೆ 15 ಸುತ್ತು ಎಂದುಕೊಂಡರೆ ತುದಿಯ ವೇಗ ಗಂಟೆಗೆ ಸುಮಾರು 225 ಕಿಲೊಮೀಟರ್. ಪ್ರತಿ ಸುತ್ತಿನಲ್ಲೂ ಅಲಗಿನ ಸ್ವಂತ ಭಾರ ಅದನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗಿಸುತ್ತದೆ. ಯಂತ್ರದ ಆಯುಷ್ಯ 20 ವರ್ಷ, ಗಾಳಿಯಿಲ್ಲದ ದಿನಗಳನ್ನು ಕಳೆದರೂ ಒಟ್ಟು ಸುತ್ತು ಹತ್ತು ಕೋಟಿಯ ಆಸುಪಾಸು. ಬೇಸಿಗೆಯ ಬಿಸಿಲು, ಮುಂಗಾರಿನ ಮಳೆ, ಸಿಡಿಲು ಬೇರೆ. ಹಿಂದಿನ ಅಂಚಿನ ಅಂಟು ಬಿರಿಯುವುದು ಈ ಅಲಗುಗಳಿಗೆ ಬರುವ ಪರಿಚಿತ ಕಾಯಿಲೆಗಳಲ್ಲೊಂದು. ಅದಕ್ಕೇ ತಜ್ಞರು 'ಎಷ್ಟು ಗಟ್ಟಿ?' ಎಂದು ಕೇಳುವುದಕ್ಕಿಂತ 'ಎಷ್ಟು ಸಲ ಬಾಗಿಸಿದರೆ ಬಿರುಕು ಎಷ್ಟು ಬೆಳೆಯುತ್ತದೆ?' ಎಂದು ಕೇಳುತ್ತಾರೆ.

ವಿಚಿತ್ರ ನೋಡಿ. ಅಂಟಿಲ್ಲದೆ ನಿಂತ ಗುಡಿಯ ಮುಂದೆ ನಾವು ಅಂಟನ್ನು ಕೊಂಡಾಡುತ್ತೇವೆ. ಅಂಟನ್ನೇ ನಂಬಿ ತಿರುಗುವ ಯಂತ್ರದ ಕೆಳಗೆ ಎತ್ತು ಮೇಯಿಸುತ್ತ ನಿಂತರೂ ಅಂಟಿನ ನೆನಪಾಗುವುದಿಲ್ಲ.

ಬಿಡುವುದೂ ಒಂದು ಗುಣ

ಗಟ್ಟಿತನವೊಂದೇ ಅಂಟಿನ ಗುಣವೆಂದು ನಮ್ಮ ಕಸುಬುದಾರರು ಎಂದೂ ತಿಳಿದಿರಲಿಲ್ಲ. ಅಕ್ಕಸಾಲಿಗ ಆಭರಣವನ್ನು ಬಿಸಿ ಅರಗಿನಲ್ಲಿ ಕೂರಿಸಿ ಕೆತ್ತುತ್ತಾನೆ, ಕೆಲಸ ಮುಗಿದ ಮೇಲೆ ಮತ್ತೆ ಕಾಯಿಸಿ ಬಿಡಿಸುತ್ತಾನೆ. ಬೆಟಗೇರಿಯ ನೇಕಾರ ಹಾಸಿನ ನೂಲಿಗೆ ಗಂಜಿ ಕೊಡುವುದು ಮಗ್ಗದ ಮೇಲೆ ಎಳೆ ಸವೆಯದಿರಲಿ ಎಂದು. ಬಟ್ಟೆ ಒಗೆದಾಗ ಆ ಗಂಜಿ ಹೋಗಲೇಬೇಕು. ಪಕ್ಕದ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಮರದ ಬೊಂಬೆಯ ಅಂಗಗಳನ್ನು ಹುಣಸೆ ಬೀಜದ ಸರಿಯಿಂದ ಕೂಡಿಸುತ್ತಾರೆ. ಅದೇ ಸರಿಗೆ ನಾರಿನ ಪುಡಿ ಬೆರೆಸಿದ 'ಕಿಟ್ಟ'ದಿಂದ ಮೈ ತುಂಬುತ್ತಾರೆ. ಗದಗ 'ಮುದ್ರಣ ಕಾಶಿ' ಎಂದು ಹೆಸರಾದ ಊರು. ಅಲ್ಲಿನ ಹಳೆಯ ಬೈಂಡರರು ಮೈದಾ ಅಂಟಿಗೆ ಹುಳ ಬೀಳದಂತೆ ಚೂರು ಮೈಲುತುತ್ತ ಹಾಕುತ್ತಿದ್ದರು. ಆ ಅಂಟು ನೀರಿಗೆ ನೆನೆದು ಬಿಡುತ್ತದೆ. ಅದಕ್ಕೇ ಅರವತ್ತು ವರ್ಷದ ಹಳೆಯ ಪುಸ್ತಕವನ್ನು ಹಾಳೆ ಹರಿಯದೆ ಬಿಚ್ಚಿ ಮತ್ತೆ ಕಟ್ಟಬಹುದು. ಬಿಸಿ ಪ್ಲಾಸ್ಟಿಕ್ ಅಂಟಿನಿಂದ ಕಟ್ಟಿದ ಇಂದಿನ ಪುಸ್ತಕದ ಬೆನ್ನು ಒಡೆದರೆ ಹಾಳೆಗಳು ಉದುರುತ್ತವೆ.

ನಮ್ಮ ಕರದಂಟು, ಅಂಟಿನ ಉಂಡಿಗಳಲ್ಲೂ ಇದೇ ಪಾಠವಿದೆ. ತುಪ್ಪದಲ್ಲಿ ಕರಿದರೆ ಅಂಟಿನೊಳಗಿನ ಅಲ್ಪ ನೀರು ಆವಿಯಾಗಿ ಹರಳು ಅರಳುತ್ತದೆ, ಕೈಗೆ ಅಂಟುವುದಿಲ್ಲ. ಬಾಯಿಗಿಟ್ಟು ಅಗಿಯಿರಿ, ಎಂಜಲು ಸೇರಿದೊಡನೆ ಹಲ್ಲಿಗೆ ಹತ್ತುತ್ತದೆ. ಮರದ ಅಂಟಿಗೆ ನೀರೇ ಜೀವ, ನೀರೇ ಶತ್ರು.

ಇದನ್ನು ಗುಡಿಗೂ ಗುಡ್ಡಕ್ಕೂ ಅನ್ವಯಿಸಿ. ಹಳೆಯ ಶಿಲ್ಪದ ಬಿರುಕಿಗೆ 'ಅತಿ ಗಟ್ಟಿ' ಅಂಟನ್ನು ಮೆತ್ತಿದರೆ ಅದು ಕಲ್ಲಿಗಿಂತ ಗಡುಸಾಗಿ, ಒಳಗಿನ ತೇವವನ್ನು ಹೊರಬಿಡದೆ, ಪಕ್ಕದ ಮೆತ್ತನೆಯ ಕಲ್ಲನ್ನೇ ಕೆಡಿಸಬಹುದು. ನಾಳೆ ತೆಗೆಯಲು ಹೋದರೆ ಕೆತ್ತನೆಯೂ ಕಿತ್ತು ಬರುತ್ತದೆ. ಸಂರಕ್ಷಣೆಯ ತಜ್ಞರು ಆದಷ್ಟೂ ಮತ್ತೆ ಬಿಡಿಸಬಹುದಾದ ವಸ್ತುವನ್ನೇ ಬಳಸಿ ಎನ್ನುವುದು ಇದಕ್ಕೆ. ಗುಡ್ಡದ ಅಲಗುಗಳ ಕತೆ ಇನ್ನೊಂದು. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗದು. ಅಮೆರಿಕದ ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಊರಿನಲ್ಲಿ ಹಳೆಯ ಅಲಗುಗಳನ್ನು ಕತ್ತರಿಸಿ ನೆಲದಲ್ಲಿ ಹೂಳಿದ್ದಾರೆ. ಬೇಕೆಂದಾಗ ಸೌಮ್ಯ ಆಮ್ಲದಲ್ಲಿ ಬಿಡಿಸಬಲ್ಲ ರಾಳದ ಅಲಗುಗಳನ್ನು 2021ರಲ್ಲಿ ಸೀಮೆನ್ಸ್ ಗಮೇಸಾ ಕಂಪನಿ ಹೊರತಂದಿತು. ಹಲ್ಲಿ ಎಂದೋ ಕಲಿತದ್ದನ್ನು ನಾವು ಈಗ ಕಲಿಯುತ್ತಿದ್ದೇವೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಅದರ ಸುತ್ತಲಿನ ಅಲಗುಗಳು ಮುಪ್ಪಾದಾಗ ಅವು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಈ ಭಾಗದ ನಾವು ಈಗಲೇ ಕೇಳಬೇಕು.

ಮೂಲೆಯ ಮೇಜು

ಮತ್ತೆ ಆ ಪ್ರದರ್ಶನಕ್ಕೆ ಬರುತ್ತೇನೆ. ಥರ್ಮೊಕೋಲ್ ಗುಡಿಯ ಆಚೆ, ಮೂಲೆಯ ಮೇಜಿನಲ್ಲಿ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮರದ ಪಟ್ಟಿಗಳನ್ನು ಜೋಡಿ ಜೋಡಿಯಾಗಿ ಅಂಟಿಸಿ ತೂಗುಹಾಕಿದ್ದಳು. ಕೆಲವಕ್ಕೆ ಹೊಲದ ಬದುವಿನ ಜಾಲಿ ಅಂಟು, ಕೆಲವಕ್ಕೆ ಹುಣಸೆ ಬೀಜದ ಸರಿ, ಕೆಲವಕ್ಕೆ ಅಂಗಡಿಯ ಬಿಳಿ ಅಂಟು. ಕೆಳಗೆ ಬಕೆಟ್ಟು. ಪಟ್ಟಿ ಬಿಡುವವರೆಗೆ ಬಕೆಟ್ಟಿಗೆ ಮರಳು ಸುರಿದು, ಆಮೇಲೆ ಮರಳನ್ನು ತೂಗಿ ಬರೆದಿದ್ದಳು. ಒಣಗಿದ್ದಾಗ ಜಾಲಿ ಅಂಟು ಅಂಗಡಿಯ ಅಂಟಿಗೆ ಹತ್ತಿರ ಬಂದಿತ್ತು. ರಾತ್ರಿಯಿಡೀ ಒದ್ದೆ ಬಟ್ಟೆ ಸುತ್ತಿಟ್ಟ ಮೇಲೆ ಬಕೆಟ್ಟು ಕಟ್ಟುವ ಮೊದಲೇ ಬಿಟ್ಟಿತ್ತು. "ಒದ್ದಿಯಾದಾಗ ಏನಾಗ್ತದ ಅಂತ ನೋಡ್ಬೇಕು ಅನ್ನಿಸ್ತ್ರಿ ಸರ್" ಎಂದಳು. ಅವಳ ಫಲಕದಲ್ಲಿ 'ಜಗತ್ತಿನ ಅತಿ' ಎಂಬ ಮಾತು ಇರಲಿಲ್ಲ. ಬಣ್ಣವೂ ಇರಲಿಲ್ಲ. ನಾವು ಎರಡು ನಿಮಿಷ ನಿಂತು ಮುಂದೆ ಹೋದೆವು.

ಆ ದಿನ ಆ ಶಾಲೆಯಲ್ಲಿದ್ದ ಭೌತವಿಜ್ಞಾನಿ ಅವಳು, ನಾನಲ್ಲ. ಅಂಟನ್ನು ಕುರಿತು ಕೇಳಲೇಬೇಕಾದ ಪ್ರಶ್ನೆಗಳನ್ನು ಅವಳು ತನಗೆ ತಾನೇ ಕೇಳಿಕೊಂಡಿದ್ದಳು. ನೀವು ಶಿಕ್ಷಕರಾಗಿದ್ದರೆ, ಪಾಲಕರಾಗಿದ್ದರೆ, ಅಥವಾ ನನ್ನ ಹಾಗೆ ಎಲ್ಲೋ ತೀರ್ಪುಗಾರರಾಗಿ ಕೂರಬೇಕಾಗಿ ಬಂದರೆ, 'ಅತಿ ಗಟ್ಟಿ ಅಂಟು' ಎಂದು ಯಾರೇ ಹೇಳಿದರೂ ಐದು ಮಾತು ಕೇಳಿ. ಯಾವುದಕ್ಕೂ ಯಾವುದಕ್ಕೂ ನಡುವೆ? ಯಾವ ದಿಕ್ಕಿನ ಬಲಕ್ಕೆ? ಎಷ್ಟು ಕಾಲ, ಎಷ್ಟು ಸಲ? ಬಿಸಿಲಿಗೆ ಮತ್ತು ನೀರಿಗೆ ಏನಾಗುತ್ತದೆ? ಬೇಕಾದಾಗ ಬಿಡಿಸಬಹುದೇ? ಗುಡಿಯ ಮುಂದೆ ಹೇಳುವವರಿಗೂ ಇದೇ ಪ್ರಶ್ನೆ, ಡಬ್ಬಿ ಮಾರುವವರಿಗೂ ಇದೇ ಪ್ರಶ್ನೆ, ವಿಜ್ಞಾನ ಬರೆಯುವವರಿಗೂ ಇದೇ ಪ್ರಶ್ನೆ.

ಉತ್ತರ ಗೊತ್ತಿಲ್ಲದಿದ್ದರೆ ಎರಡು ಮರದ ಪಟ್ಟಿ, ಒಂದು ಬಕೆಟ್ಟು, ಒಂದಿಷ್ಟು ಮರಳು ಸಾಕು.